ಹನ್ನೊಂದನೇ ಪ್ರಶ್ನೆ

ಫಕ್ಕೀರವ್ವನ ಮನೆಯಲ್ಲಿ ಫ್ರಿಜ್ ಇದೆ.
ಬಾಗಿಲಿಗೆ ಬೀಗ ಇಲ್ಲ, ಫ್ರಿಜ್ಜಿಗೆ ಮಾತ್ರ
ಬಿಗಿದು ಕಟ್ಟಿದ ಸೈಕಲ್ ಟ್ಯೂಬು.
ಹುಬ್ಬಳ್ಳಿಯಲ್ಲಿ ಅವಳು ಭಾಂಡೆ ತಿಕ್ಕಿದ ಮನೆಯವರು
ಊರು ಬಿಡುವಾಗ, ಎರಡು ತಿಂಗಳ ಪಗಾರದ ಬದಲಿಗೆ
‘ಒಯ್ಯವಾ, ರಿಪೇರಿ ಮಾಡಿಸಿದರ ಹತ್ತು ವರ್ಷ ಬರತೈತಿ’ ಅಂದರಂತೆ.
ಟಂಟಂನಲ್ಲಿ ಮಲಗಿಸಿ ತಂದಳು,
ಕುಲುಕದ ಹಾಗೆ, ಬಾಣಂತಿಯನ್ನು ತಂದ ಹಾಗೆ.

ಕೆರೆಯ ಹೂಳೆತ್ತಲು ಅರವತ್ತು ಆಳು.
ಅರ್ಜಿ ಕೊಟ್ಟವರು ನೂರಾ ಹದಿನೇಳು.
ಐವತ್ತೇಳು ಮಂದಿ ಬಡವರಲ್ಲ ಎಂದು
ಸಂಜೆಯೊಳಗೆ ನಾನು ಕಂಡುಹಿಡಿಯಬೇಕು.

ಬಿಸಿಲಿಗೆ ಟ್ಯಾಬು ಕಾಣಲೊಲ್ಲದು.
ಸೆರಗಿನ ನೆರಳಿನಲ್ಲಿ ಒಂದೊಂದೇ ಓದಿದೆ.
ಗೋಡೆ? ಮಣ್ಣು.
ಗಾಡಿ? ಇಲ್ಲ.
ಹೊಲ?
‘ಸತ್ತಾಗ ಆರಡಿ ಮೂರಡಿ ಕೊಡ್ತಾರಲ್ಲ, ಅದನ್ನೂ ಬರಕೋತೀಯೇನು?’
ಹನ್ನೊಂದಕ್ಕೆ ಬಂದಾಗ ಅವಳು ಮಾತಾಡಲಿಲ್ಲ.
ಟ್ಯೂಬು ಬಿಚ್ಚಿ ತೋರಿಸಿದಳು:
ಮೇಲೆ ಬಿಳಿಜೋಳ, ಕೆಳಗೆ ಸೀರೆ,
ತತ್ತಿ ಇಡುವ ಕುಳಿಗಳಲ್ಲಿ ಹುಣಸೆಬೀಜ,
ಒಂಟಿ ಬೆಂಡೋಲೆ, ಮಗಳ ಪಾಸ್‌ಪೋರ್ಟ್ ಸೈಜಿನ ಮುಖ.
‘ಇಲಿ ಬರೂದಿಲ್ಲ ನೋಡ ತಂಗಿ, ಅಷ್ಟ.’

ಬೆಳಿಗ್ಗೆ ಸಂಗನಬಸಪ್ಪನವರ ಮನೆಯಲ್ಲೂ ಕೇಳಿದ್ದೆ.
ಫ್ರಿಜ್ ಎಲ್ಲಿಂದ ಬರಬೇಕವ್ವ ಎನ್ನುತ್ತ ನೀರು ಕೊಟ್ಟರು.
ಗ್ಲಾಸಿನ ಹೊರಮೈ ಬೆವರುತ್ತಿತ್ತು.
‘ಇಲ್ಲ’ ಒತ್ತಿದೆ. ನೀರು ಕುಡಿದೆ.
ಹಲ್ಲು ಇನ್ನೂ ಜುಮ್ಮೆನ್ನುತ್ತಿವೆ.

ಇದೆ, ಇಲ್ಲ: ಇರುವುದು ಎರಡೇ ಗುಂಡಿ.
ಇದ್ದೂ ಇಲ್ಲದ್ದಕ್ಕೆ ಗುಂಡಿ ಮಾಡಿಲ್ಲ.
ಒತ್ತಿದ ಮೇಲೆ ಒಳಮನೆಯ ಫೋಟೊ ಬೇಕು.

ಅವಳು ನನ್ನ ಮುಖ ನೋಡಿದಳು,
ಹಗ್ಗದ ಮೇಲಿನ ಕೌದಿ ಎಳೆದು
ಫ್ರಿಜ್ಜಿಗೆ ತಲೆತುಂಬ ಹೊದಿಸಿದಳು.
‘ಈಗ ತಗಿ.’

ತೆಗೆದೆ.

ಗುಡಿಯ ಕಟ್ಟೆ ದಾಟುವಷ್ಟರಲ್ಲಿ ಶಿರಹಟ್ಟಿಯಿಂದ ಸಾಹೇಬರ ಫೋನು:
‘ಮೂಲೆಯಲ್ಲಿ ಕೌದಿ ಹೊದ್ದು ಕುಂತವರು ಯಾರ್ರೀ?
ಮನೆಮಂದಿ ಲೆಕ್ಕದಾಗ ಕಾಣವಲ್ಲರು?’
‘ಅವರತ್ತಿ ಸರ್,’ ಅಂದುಬಿಟ್ಟೆ.
‘ಏಳಾಕ ಆಗೂದಿಲ್ಲ.’
‘ಪಾಪ. ವೃದ್ಧಾಪ್ಯ ವೇತನ ಬರತೈತೇನು, ಕೇಳ್ರಿ.’

ಫಕ್ಕೀರವ್ವ ನಕ್ಕಳು, ಕೆಮ್ಮು ಬರುವ ತನಕ.
ನಾನೂ ನಕ್ಕೆ.

ನಾಳೆ ಪಂಚಾಯ್ತಿ ಗೋಡೆಗೆ ಯಾದಿ ಹಚ್ಚುತ್ತಾರೆ.
ಐವತ್ತೆಂಟರಲ್ಲಿ ಫಕ್ಕೀರವ್ವ,
ಹದಿನಾರರಲ್ಲಿ ತಣ್ಣೀರು ಕೊಟ್ಟವರು.
ಅರವತ್ತಿದ್ದದ್ದು ಅರವತ್ತೊಂದಕ್ಕೆ ಇಳಿದ
ಮೋದಿನಬಿ
ಹೊತ್ತು ಮುಳುಗುವಾಗ ಬಂದು ಕೇಳಿದಳು,
ಸಲಿಕೆ ಅವರೇ ಕೊಡ್ತಾರೋ,
ನಾವು ತರಬೇಕೋ.