ರುಚಿ ಹೇಳಿ ಕಳಸ್ರಿ

ನನ್ನ ನಾಲಗಿಗೆ ಮೂವತ್ತೊಂದು ವರ್ಷದ ಪಗಾರ ಐತಿ.
ವಿಜಾಪುರದ ಎಪಿಎಂಸಿಯಾಗ, ದಲಾಲಿ ಅಂಗಡಿ ಕಟ್ಟಿ ಮ್ಯಾಲ,
ಒಣದ್ರಾಕ್ಷಿ ಡಬ್ಬಿ ಬಿಚ್ಚಿ, ನಡುವಿಂದ ಒಂದು ಚಿಮಟಿ ತಗದು
(ಮ್ಯಾಲಿಂದು ತಗೋಬಾರದು, ಅದು ತೋರಸಾಕ ಇಟ್ಟಿದ್ದು)
ಹಲ್ಲಿನ ನಡುವ ಒತ್ತಿ ಹೇಳತೀನಿ:
ಇದು ಜತ್ತ ಕಡೀದು, ಇದಕ್ಕ ಗಂಧಕ ಹೆಚ್ಚಾತು,
ಇದನ್ನ ಶೆಡ್ಡಿನಾಗ ಒಣಗಿಸಾಕ ಮೂರು ದಿನ ಅವಸರ ಮಾಡ್ಯಾರ.
ಬಾಯಿಗೆ ಹಾಕಲಾರದ ಮಾಲಿಗೆ
ದರ ಹಚ್ಚಿದವನಲ್ಲ ನಾನು.

ಹಂಥಾವ, ಸ್ಟೇಷನ್ ರೋಡಿನ ಕಲ್ಯಾಣ ಮಂಟಪದಾಗ
ವೈನ್ ಮೇಳ ಅಂತ ಬ್ಯಾನರ್ ನೋಡಿ ಒಳಗ ಹೊಕ್ಕೆ.
ಟೇಬಲ್ಲಿಗೆ ಬಿಳಿ ಬಟ್ಟಿ,
ಪ್ಲಾಸ್ಟಿಕ್ ಲೋಟದಾಗ ಬೊಟ್ಟು ಅದ್ದುವಷ್ಟು ಕೆಂಪು.
ಕಂಪನಿ ಹುಡುಗರು ಟೈ ಕಟ್ಟಿದ್ರು.
ಚೆರಿ ಅಂದ್ರು, ಚಾಕಲೇಟ್ ಅಂದ್ರು, ಸಿಗಾರ್ ಡಬ್ಬಿ ಅಂದ್ರು.
ದ್ರಾಕ್ಷಿ ಅಂತ ಯಾರೂ ಅನ್ನಲಿಲ್ಲ.

ಮೂಲ್ಯಾಗ, ಜನರೇಟರ್ ಬಾಜೂಕ, ಒಬ್ಬಾತ.
ಹಣಿ ಮ್ಯಾಲ ವಿಭೂತಿ, ಕೊರಳಾಗ ಲಿಂಗ,
ಮುಂದ ಹನ್ನೊಂದು ಸೀಸೆ. ಚೀಟಿ ಮ್ಯಾಲ ಕೈಬರಹ:
ಮುರಿಗೆಪ್ಪ ಹಂಜಗಿ, ತಿಕೋಟಾ ರಸ್ತೆ, ಶಿರಾಜ್.
ಸ್ಯಾಂಪಲ್ ಇಲ್ಲ.
"ಒಂದು ಒಡದ್ರ ಹತ್ತ ಉಳಿತಾವ್ರಿ" ಅಂದ.
"ಹಂಗಾರ ನೀವ ಹೇಳ್ರಿ, ಹ್ಯಾಂಗೈತಿ?"

ಮಲಗಿದ ಕೂಸಿನ ಮಗ್ಗಲು ಬದಲಿಸಿದಂಗ
ಸೀಸೆ ತಿರುಗಿಸಿದ.
"ಗೊತ್ತಿಲ್ರಿ. ನಾ ಕುಡಿಯಂಗಿಲ್ಲ.
ವಾಸನಿ ನೋಡೀನಿ. ಗಾಜಿನ ಕಡ್ಡಿ ತೇಲಿಬಿಟ್ಟು ಸಕ್ರಿ ಅಳದೀನಿ.
ರಾತ್ರಿ ಎದ್ದು ಟಾಕಿಗೆ ಕಿವಿ ಹಚ್ಚಿ
ಕುದಿ ನಿಂತದ್ದು ಕೇಳೀನಿ.
ಹ್ವಾದ ವರ್ಷದ್ದು ಸಿರ್ಕಾ ಆತು. ಇದು ಸಿರ್ಕಾ ಅಲ್ಲ,
ಅಷ್ಟು ಮಾತು ಕೊಡತೀನಿ.
ಏನೈತಿ ಅನ್ನೂದು ನೀವ ರುಚಿ ಹೇಳಿ ಕಳಸ್ರಿ."

ಮಾರೋರ ಬಾಯಾಗ
ಇದೊಂದು ಬಿಟ್ಟು ಎಲ್ಲಾ ಕೇಳಿದ್ದೆ.
ಎರಡು ಕೊಂಡೆ. ರೊಕ್ಕ ಎಣಸಲಾರದ ಕಿಸೇಕ ಹಾಕಿದ,
ಫೋನ್ ನಂಬರ್ ಮಾತ್ರ ಎರಡೆರಡು ಸಲ ಬರದ.

ಮನ್ಯಾಗ ಸುಗಲಾ ಸೀಸೆ ನೋಡಿದ್ಲು, ನನ್ನ ನೋಡಿದ್ಲು.
"ರುಚಿ ನೋಡಲಾರದ ತಂದೀರಿ? ನೀವು?"
"ಹೂಂ."
"ನಮ್ಮಪ್ಪ ನಿಮ್ಮನ್ನೂ ಹಂಗ ತಂದಾನ" ಅಂದು
ರೊಟ್ಟಿ ಬಡಿಯಾಕ ಕೂತ್ಲು.
ತಂದದ್ದು ಛಲೋ ಆತೋ ಇಲ್ಲೋ, ಅದನ್ನ ಹೇಳಲಿಲ್ಲ.

ಬಿರಡಿ ತಗಿಯೂದು ಬರಲಿಲ್ಲ, ಸ್ಕ್ರೂಡ್ರೈವರಿನಿಂದ ಒಳಗ ನೂಕಿದೆ.
ಸ್ಟೀಲ್ ಲೋಟದಾಗ ಬಣ್ಣ ಕಾಣಲಿಲ್ಲ. ಬ್ಯಾಡ ಬಿಡು,
ಬಣ್ಣ ಅಂದ್ರ ಡಬ್ಬಿಯ ಮ್ಯಾಲಿನ ಪದರ.
ಒಂದು ಗುಟುಕು.
ಹಲ್ಲಿನ ನಡುವ ಒತ್ತಾಕ ಏನೂ ಇಲ್ಲ.
ಮೂವತ್ತೊಂದು ವರ್ಷದ ನಾಲಗಿ
ಒಂದು ಗಳಿಗಿ ಪರದೇಶಿ ಆತು.
ಮೊದಲು ಒಗರು, ಬೀಜ ಕಡದಾಂಗ.
ಆಮ್ಯಾಲ ಹಣ್ಣು, ಬಿಸಲಿಗೆ ಅಂಜಿ
ಎಲಿ ಕೆಳಗ ಕುಂತ ಹಣ್ಣು.
ಕಡೀಕ, ಬಾಯಿ ಖಾಲಿ ಆದಮ್ಯಾಲ, ಒಂದು ಎಳಿ.
ಗುರುತಿಂದ. ಹೆಸರು ಬರವಲ್ದು.

ಸುಗಲಾ ಹಿಟ್ಟಿನ ಬೊಟ್ಟು ವರಸಿಕೊಂಡು
ನನ್ನ ಲೋಟದಾಗ ಅದ್ದಿ ನೆಕ್ಕಿದ್ಲು.
"ಸವಳು" ಅಂದ್ಲು. ಇನ್ನೊಂದು ಲೋಟ ತಂದ್ಲು.

ಒಂಬತ್ತೂವರೆಗೆ ಫೋನ್ ಹಚ್ಚಿದೆ. ಒಂದ ರಿಂಗಿಗೆ ಎತ್ತಿದ.
"ಮುರಿಗೆಪ್ಪಾರ, ನಿಮ್ಮ ಬೋರಿನ ನೀರು ಸವಳೇನ್ರಿ?"
ಆ ಕಡೆ ನಾಯಿ ಬೊಗಳಿತು. ಎಲ್ಲೋ ಒಂದು ಪಂಪು ನಿಂತಿತು.
"ಎರಡನೇ ಬೋರಿಂದು. ಕೆನಾಲ್ ನೀರು ಬರೂ ಮೊದಲ
ಹದಿನೈದು ದಿನ ಅದನ್ನ ಬಿಟ್ಟಿದ್ದೆ.
ಯಾರಿಗೂ ಹೇಳಿಲ್ರಿ.
ಅದು ಸೀಸೆ ತನಾ ಬಂದೈತೇನು?"
"ಬಂದೈತ್ರಿ."
"ಮತ್ತ... ಕುಡಿಯಂಗೈತಿಲ್ಲ?"

ಏನಂತ ಹೇಳಲಿ. ಚೆರಿ ಅನ್ನಲೋ, ಸಿಗಾರ್ ಡಬ್ಬಿ ಅನ್ನಲೋ.
ಅಷ್ಟರಾಗ ಸುಗಲಾ, ಒಲಿ ಕಡೆ ಮುಖ ಮಾಡಿಕೊಂಡ,
ತನ್ನ ಖಾಲಿ ಲೋಟ
ಕಡಪಾ ಕಲ್ಲಿನ ಮ್ಯಾಲ ಗರ್ರಂತ ನನ್ನ ಕಡೆ ಸರಿಸಿದ್ಲು.

"ಆ ಸದ್ದು ಕೇಳಸ್ತೇನ್ರಿ?" ಅಂದೆ.