ಪೆಟ್ಟಿಗೆ ಮೂರು

ಅಪ್ರಮೇಯಯ್ಯನವರ ಕಾಗದಗಳು ನನ್ನ ಪಾಲಿಗೆ ಬಂದದ್ದು
ಟೈಪಿಂಗ್ ಬರುತ್ತದೆಂಬ ಒಂದೇ ಕಾರಣಕ್ಕೆ.
ಲಕ್ಷ್ಮೀಪುರಂ ಸಂಗೀತ ಶಾಲೆ, ಮಹಡಿಯ ಕೋಣೆ,
ನುಸಿಗುಳಿಗೆಯ ವಾಸನೆ.

ಖಮಾಚಿನ ಒಂದು ಕೃತಿ.
ಪಲ್ಲವಿಯನ್ನು ಮೂರು ಸಲ ಹೊಡೆದುಹಾಕಿ
ನಾಲ್ಕನೆಯ ಸಲ ಮತ್ತೆ ಮೊದಲಿನದನ್ನೇ ಬರೆದಿದ್ದಾರೆ.
ಚರಣದ ನಿಷಾದವನ್ನು ಹುಳು ತಿಂದಿದೆ.
ಯಾವ ನಿಷಾದವೋ,
ಇನ್ನು ವಿದ್ವಾಂಸರು ಜಗಳವಾಡಲಿ.

ಹಾಳೆ ತಿರುವಿದರೆ ಹಾಲಿನ ಲೆಕ್ಕ:
ಸಾಕಮ್ಮನಿಗೆ ಬಾಕಿ ಹನ್ನೊಂದಾಣೆ.
ಅದನ್ನು ಮಾತ್ರ ಹೊಡೆದುಹಾಕಿಲ್ಲ.

ಪ್ಲಾಸ್ಟಿಕ್ ಲಕೋಟೆಗೆ ಸೇರಿಸುವಾಗ
ಯಾವ ಮಗ್ಗುಲು ಮೇಲೆ?
ಕೃತಿ, ಅಂದರು ಪ್ರಿನ್ಸಿಪಾಲರು, ತಲೆಯೆತ್ತದೆ.
ಹಾಗೇ ಇಟ್ಟೆ.

ಕೆಳಗೆ ಸಂಜೆಯ ಮಕ್ಕಳು,
ಸರಳೆ ವರಿಸೆ, ಎರಡನೇ ಕಾಲ,
ಯಾರೋ ಒಬ್ಬಳು ಮುಂದೆ ಓಡುತ್ತಿದ್ದಾಳೆ.

ಪಟ್ಟಿಯ ಕೊನೆಗೆ ಷರಾ ಎಂಬ ಕಾಲಂ ಖಾಲಿ ಇತ್ತು.
ಟೈಪಿಸಿದೆ: ಸಾಕಮ್ಮ,
ಹನ್ನೊಂದಾಣೆ.