ಹತ್ತು ರೂಪಾಯಿದು

ಮೊದಲ ಕಿಲೋ ಅಂತಿದ್ರು,
ಆಮ್ಯಾಲ ಅರ್ಧಾ, ಆಮ್ಯಾಲ ಪಾವ್.
ಈಗ ಬನಹಟ್ಟಿಯೊಳಗ ತೂಕದ ಮಾತು ಯಾರೂ ತಗಿಯೂದಿಲ್ಲ:
ಹತ್ತು ರೂಪಾಯಿದು ಎಣ್ಣಿ ಹಾಕು,
ಐದು ರೂಪಾಯಿದು ಜೀರಗಿ ಕಟ್ಟು.

ಹತ್ತು ಹತ್ತಽ ಉಳದೈತಿ.
ಬಾಟ್ಲಿಯೊಳಗಿನ ಎಣ್ಣಿ ಅಷ್ಟ
ವರ್ಷಕ್ಕೊಂದು ಬೆರಳು ಕೆಳಗ ಇಳದೈತಿ.

ರಾಜಾಬಿ ಬಾಟ್ಲಿ ಬಿಸಲಿಗೆ ಹಿಡದು ನೋಡತಾಳ,
ಕೂಸಿನ ಬಗಲಾಗಿಂದ ತಗದ ಜ್ವರದ ಕಡ್ಡಿ ನೋಡಿದಂಗ.
"ತವನಪ್ಪಣ್ಣಾ, ಮಾಪ ಸಣ್ಣದು ಮಾಡೀಯೇನು?"
ಇಲ್ಲವಾ, ನಮ್ಮಪ್ಪ ಹಿಡದ ಮಾಪಽ ಇದು
ಅನ್ನಬೇಕಂತೀನಿ. ಅನ್ನೂದಿಲ್ಲ.
ಬೈಲಿಕ್ಕೆ ಆಕಿ ಕೈಗೆ ಸಿಗೂ ಸರಕಾರ
ಈ ಓಣ್ಯಾಗ ನಾನೊಬ್ಬನಽ.

ರೇಟಿನ ಹಲಗಿ ಮ್ಯಾಲ
ಬ್ಯಾಳಿ, ಬೆಲ್ಲ, ಉಪ್ಪು ಅನ್ನೂ ಅಕ್ಷರ ಅಪ್ಪಂದು,
ಬಿಳಿ ಬಣ್ಣದಾಗ ಬರಸಿದ್ದು.
ಮುಂದಿನ ಅಂಕಿ ನಂದು, ಖಡುದು.
ತೊಗರಿಬ್ಯಾಳಿ ಮುಂದ ಒರಸಿ ಒರಸಿ
ಕರಿ ಹಲಗಿ ಬೂದಿಯಾಗೈತಿ.

ಚುನಾವಣಿ ಬಂತು. ಒದ್ದಿ ಅರಿವಿ ಗೂಟಕ್ಕ ಒಣಗಿತು.
ಇಪ್ಪತ್ತೊಂದು ದಿನ ಯಾವುದೂ ಏರಲಿಲ್ಲ,
ಮಂದಿ ಬಾಯಿ ಬಿಟ್ಟರ.
ಉಪ್ಪಿಟ್ಟಿಗೆ ರವಾ, ಚಾಕ್ಕ ಸಕ್ಕರಿ, ಎಣ್ಣಿ ಡಬ್ಬಿ ನಾಕು,
ಇವರೂ ಒಯ್ದರು, ಅವರೂ ಒಯ್ದರು,
"ಬರಕೋರಿ ಶೆಟ್ರ" ಅಂದ್ರು. ಬರಕೊಂಡೆ.
ಎಣಿಕಿ ಮುಗದ ಮೂರನೇ ದಿನಕ್ಕ ಅರಿವಿ ಮತ್ತ ಒದ್ದಿ.
ಸೋತವರ ಹಂತ್ಯಾಕ ಹ್ವಾದೆ:
ಸೋತೀವಿ, ಎಲ್ಲಿಂದ ಕೊಡೂಣು?
ಗೆದ್ದವರ ಹಂತ್ಯಾಕ ಹ್ವಾದೆ:
ಗೆದ್ದೀವಲ್ಲ, ಇನ್ನ ಎಲ್ಲಿ ಓಡಿ ಹೋಗತೀವಿ?

ಉದ್ರಿ ವಹಿಯೊಳಗ ಆ ಎರಡು ಪುಟ ಹಂಗಽ ಅದಾವು, ಎದರಾ ಬದರಾ.
ರಾಜಾಬಿದು ನೂರಾ ನಲವತ್ತು ಇತ್ತು.
ಖಾತೇಕ ರೊಕ್ಕ ಬಿದ್ದ ದಿನಽ ಬಂದು ಚುಕ್ತಾ ಮಾಡಿ
"ಗೀಟು ಎಳಿ" ಅಂದಳು,
ಎಳಿಯೂ ತನಕಾ ನಿಂತಳು.

ಜಮಖಂಡಿ ಹೋಲ್‌ಸೇಲಿನಾಂವಗ ಕೇಳಿದೆ, ಯಾಕೋ ಮಾರಾಯಾ?
"ಮ್ಯಾಲಿಂದ ಬಂದೈತಿ."
ಮ್ಯಾಲ ಅಂದ್ರ?
ಅಂಗಡಿಗೆ ಬಂದು ತಲಿ ಎತ್ತಿ ನೋಡಿದೆ.
ತಗಡು ಸೋರತದಂತ ಹೊಚ್ಚಿದ ಪ್ರಚಾರದ ಫ್ಲೆಕ್ಸು,
ತೂತಿನ್ಯಾಗ ಕಾಣೂದು ಅರ್ಧಾ ಕೈ, ಮುಗದದ್ದು.
ಮಳಿ ತಡದೈತಿ. ಸುಳ್ಳ ಯಾಕ ಹೇಳಲಿ,
ಅಷ್ಟು ಉಪಕಾರ ಆಗೈತಿ.

ನೂಲಿನ ರೇಟು ಏರಿ ಎದರಿನ ಮಗ್ಗ ಒಂದಽ ಪಾಳಿ ನಡೀತಾವು.
ಖಟಕ್ ಖಟಕ್ ನಿಂತ ಮ್ಯಾಲ
ಗಲ್ಲಾದಾಗಿನ ಚಿಲ್ಲರಿ ಎಣಿಸೂ ಸಪ್ಪಳ
ನನಗಽ ನಾಚಿಕಿ ಬರೂವಷ್ಟು ಕೇಳತೈತಿ.

ಹೊತ್ತು ಮುಣಗೂದರೊಳಗ ಉಣ್ಣೂ ಮಂದಿ ನಾವು.
ಹಿತ್ತಲ ಬಾಗಲದಿಂದ ಪದ್ಮಾವತಿ ಬಂದು
ಸ್ಟೀಲ್ ವಾಟೆ ಚಾಚಿದಳು, ಒಗ್ಗರಣಿಗೆ.
ಸುರುವಿದೆ.
ಕೈ ತಾನಽ ಹತ್ತು ರೂಪಾಯಿಗೆ ನಿಂತಿತು.

ಆಕಿ ವಾಟೆ ವಾಲಿಸಿ
ಉಳದಷ್ಟು ಬಿಸಲಿಗೆ ಹಿಡದು ನೋಡಿದಳು,
ನನ್ನ ನೋಡಿದಳು.
ಏನೂ ಅನ್ನಲಿಲ್ಲ.